ಸೊಂಟದಲ್ಲಿ ಮಗ್ಗದ ಕಲ್ಲು

ಜಾರಿತು, ಇಲ್ಲ, ಜಾರಲಿಲ್ಲ, ಒಂದಿಷ್ಟು ಕೆಳಗಿಳಿಯಿತಷ್ಟೆ, ಸೀರೆ ನೆರಿಗೆಯ ಒಳಗೆ ಸೊಂಟಕ್ಕೆ ಕಟ್ಟಿದ ಕಲ್ಲು, ತಣ್ಣಗೆ, ಕಪ್ಪೆ ಬಂದು ಕೂತ ಹಾಗೆ — ಗೌರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಲ್ಲೇ ಮೊಣಕೈಯಿಂದ ಅದನ್ನು ಮೇಲಕ್ಕೆ ನೂಕಿದಳು, ಪಕ್ಕದಲ್ಲಿದ್ದ ಅತ್ತೆ ವೀರಮ್ಮ ಗೋಡೆ ನೋಡಿಕೊಂಡೇ, ಮುಟ್ಟಬ್ಯಾಡ, ಸುಮ್ಕಿರು, ಗಂಟು ನಾನೇ ಹಾಕೀನಿ, ಬಿಚ್ಚಲ್ಲ. ಬಿಚ್ಚಲ್ಲವಂತೆ! ರೇಷ್ಮೆ ಎಳೆ ಕಡಿದರೆ ಕಣ್ಣುಮುಚ್ಚಿ ಗಂಟು ಹಾಕುವ ಕೈ ನಿಜ, ಆದರೆ ಇದೇನು ರೇಷ್ಮೆಯೇ, ಮಗ್ಗದ ಹಾಸಿನ ಎಳೆಗಳು ಬಿಗಿಯಾಗಿರಲೆಂದು ತೂಗುಬಿಡುವ ಗುಂಡುಕಲ್ಲು, ನಿನ್ನೆ ಸಂಜೆಯೇ ಮಗ್ಗದಿಂದ ಬಿಚ್ಚಿ ಸೆರಗಿನಲ್ಲಿ ಸುತ್ತಿಟ್ಟುಕೊಂಡಳು ಮಹಾತಾಯಿ, ಅವ್ವಾ ಕಲ್ಲೆಲ್ಲಿ ಅಂತ ಗೌರಿಯ ಗಂಡ ಮಾರುತೇಶ ಹುಡುಕಿದ್ದೇ ಹುಡುಕಿದ್ದು, ಇಲಿ ಒಯ್ದಿರ್ತತೆ ಬಿಡು ಅಂದಳು, ಕಲ್ಲನ್ನು ಇಲಿ ಒಯ್ಯುತ್ತದೆಯೇ, ಅದಕ್ಕೇ ನಿನ್ನೆಯಿಂದ ಮಗ್ಗ ಸುಮ್ಮನೆ ನಿಂತಿದೆ, ಮನೆಯೆಲ್ಲ ಮೂಕವಾದ ಹಾಗಾಗಿದೆ. ಇಷ್ಟೆಲ್ಲ ಯಾಕೆ ಅಂದರೆ ಹೋದ ತಿಂಗಳು ಬಸುರಿ ಗೌರಿ ತೂಕದ ಯಂತ್ರದ ಮೇಲೆ ನಿಂತಾಗ ಮಂಜುಳಮ್ಮ ಸಿಸ್ಟರು ಗೇಟಿನ ತನಕ ಕೇಳುವ ದನಿಯಲ್ಲಿ, ಏನಮ್ಮಾ ಮುಳ್ಳು ಒಂಚೂರೂ ಮೇಲೇರಿಲ್ಲ, ಮನೇಲಿ ಊಟ ಹಾಕ್ತಾರೋ ಇಲ್ವೋ, ಅಂದುಬಿಟ್ಟಳು — ಅಷ್ಟೇ, ವೀರಮ್ಮನಿಗೆ ಮೈಯೆಲ್ಲ ಉರಿದುಹೋಯಿತು, ನಾನು ಊಟ ಹಾಕಲ್ವಾ, ನಾನು, ನವಣೆ ಅನ್ನ ಮಾಡಿ ತುಪ್ಪ ಸುರಿದು ಶೇಂಗಾ ಉಂಡೆ ಬಾಯಿಗಿಟ್ಟು ತಿನ್ಸೋಳು ನಾನು, ಕೇರಿ ಮಂದಿ ಮುಂದೆ ನನ್ನ ಮಾನ ಕಳದ್ಲು, ಇರ್ಲಿ, ಮುಂದಿನ ತಿಂಗಳು ಆ ಮುಳ್ಳು ಹೆಂಗೆ ಏರಲ್ಲ ನೋಡ್ತೀನಿ. ಏರಿಸಲು ಬಂದಿದ್ದಾಳೆ, ಕಲ್ಲು ಕಟ್ಟಿ. ಬೆಳಿಗ್ಗೆ ಅತ್ತೆ ಕಟ್ಟುವಾಗ ಗೌರಿ ಸೊಂಟ ಒಡ್ಡಿ ನಿಂತಳು, ಅವಳ ಮನಸ್ಸು ಬೇರೆಲ್ಲೋ ಇತ್ತು.

ಈಗಲೂ ಅಲ್ಲೇ ಇದೆ, ಹೊಟ್ಟೆಯೊಳಗೆ, ಆಡೋ ಆಡೋ ಒಂದು ಸಲ ಆಡೋ ಅಂತ ಬೇಡಿಕೊಳ್ಳುತ್ತ, ನಿನ್ನೆ ಸಂಜೆ ಮುದ್ದೆ ಉಂಡ ಮೇಲೆ ಕೂಸು ಒಮ್ಮೆ ಹೊರಳಿದ್ದು ಅಷ್ಟೇ, ಆಮೇಲೆ ಸದ್ದಿಲ್ಲ, ಯಾರಿಗೂ ಹೇಳಿಲ್ಲ, ಹೇಳಿದರೆ ನಿಜವಾಗಿಬಿಟ್ಟರೆ — ಬೆಂಚಿನ ಆ ತುದಿಯಲ್ಲಿ ನಗುವೋ ನಗು, ಬಾಣಂತನಕ್ಕೆಂದು ಚಳ್ಳಕೆರೆಯಿಂದ ತವರಿಗೆ ಬಂದಿರುವ ಚಿನ್ನಕ್ಕನದು, ಮೂರನೆಯ ಬಸುರಿ, ಬೆಂಚೆಲ್ಲ ಅವಳದೇ ರಾಜ್ಯ, ನಮ್ಮೂರಾಗೆ ಒಬ್ಬ ಡಾಕ್ಟ್ರವ್ನೆ ಕಣ್ರೇ, ಹೊಟ್ಟೆಗೆ ಜಿಗಟು ಸವರಿ ಟೀವಿ ನೋಡ್ಕಂತ ಕುಂತ್ರೆ ಮುಗೀತು, ನನ್ನ ಮಖ ಒಂದು ಸಲನಾದ್ರೂ ನೋಡ್ಬೇಕಲ್ಲ, ನಾಳೆ ಸಂತೇಲಿ ಸಿಕ್ರೆ ಗುರುತು ಹಿಡಿಯಲ್ಲ ಅವ್ನು, ಹೊಟ್ಟೇನೇ ತೋರಿಸ್ಬೇಕು! ಎಲ್ಲರೂ ಬಿದ್ದು ಬಿದ್ದು ನಕ್ಕರು, ಗೌರಿಗೂ ನಗು ಬಂತು, ನಕ್ಕರೆ ಕಲ್ಲು ಅಲ್ಲಾಡುತ್ತದೆ, ತುಟಿ ಕಚ್ಚಿದಳು. ಗಡಿಯಾಚೆಯ ಹಳ್ಳಿಯಿಂದ ಸೊಸೆಯಾಗಿ ಬಂದ ಯರ್ರಮ್ಮ ಎಂಬ ಎಳೆಯ ಹುಡುಗಿ, ಇನ್ನೂ ಕನ್ನಡ ತೆಲುಗು ಕಲಸಿಕೊಂಡೇ ಮಾತು, ಬೈದ್ರೂ ಪರವಾಲೇದಕ್ಕ, ಏನೈತೆ ಏನಿಲ್ಲ ಅಂತ ಒಂದು ಮಾತು ಚೆಪ್ಪಬೇಕು ಕದಾ, ಹೇಳ್ಬೇಕಲ್ವಾ, ಗುಳಿಗೆ ಕೊಟ್ಟು ತಿನ್ನು ಅಂತಾರೆ, ಯಾಕಂತ ಕೇಳಿದ್ರೆ ಕಣ್ಣು ಬಿಡ್ತಾರೆ. ಆ ಕೆಂಪು ಗುಳಿಗೆ ತಿಂದ್ರೆ ಕೂಸು ಕರ‍್ರಗೆ ಹುಟ್ಟಲ್ವಾ ಅಂತ ಇನ್ನೊಬ್ಬಳು, ಕರ‍್ರಗೆ ಹುಟ್ಟೋಕೆ ಗುಳಿಗೆ ಯಾಕೆ, ನಿನ್ನ ಗಂಡ ಸಾಲಲ್ವೇನೇ, ಅದು ಚಿನ್ನಕ್ಕ, ಮತ್ತೆ ನಗು. ಯಾವ ಆಸ್ಪತ್ರೆ ಒಳ್ಳೇದು ಯಾವುದು ಕೆಟ್ಟದ್ದು ಅಂತ ತಿಳಿಯಬೇಕಾದವರು ಈ ಬೆಂಚಿನ ಮೇಲೆ ಬಂದು ಕೂರಬೇಕು, ಇವರ ಲೆಕ್ಕವೇ ಬೇರೆ, ಯಾರ ಕೈ ಬೆಚ್ಚಗಿದೆ, ಯಾರು ಹೆಸರು ಹಿಡಿದು ಕರೆಯುತ್ತಾರೆ, ಹೊಟ್ಟೆ ಮುಟ್ಟುವ ಮೊದಲು ಬಾಗಿಲು ಮುಚ್ಚುತ್ತಾರೋ ಇಲ್ಲವೋ, ಈ ಮಂಜುಳಮ್ಮಂದು ಬಾಯಿ ಜೋರು ಕೈ ಮೆತ್ತಗೆ, ಹೌದು ಹೌದು ಅಂತ ಎಲ್ಲರೂ ಒಪ್ಪಿದರು.

ಗೌರಿಗೆ ಕೈಯೂ ಬೇಡ ಬಾಯಿಯೂ ಬೇಡ, ಕಿವಿ ಬೇಕು. ಹೋದ ತಿಂಗಳು ಅಷ್ಟು ಬೈದ ಮೇಲೂ ಸಿಸ್ಟರು ಅವಳನ್ನು ಮಲಗಿಸಿ, ಸಣ್ಣ ಕಹಳೆಯಂಥ ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು, ಬಗ್ಗಿ, ಕಿವಿ ಒತ್ತಿ, ಉಸಿರು ಹಿಡಿದು ಕೇಳಿದಳು, ಎದ್ದಾಗ ಆ ಕಿವಿಯ ಮೇಲೆ ದುಂಡನೆಯ ಕೆಂಪು ಗುರುತು, ಬಳೆ ಒತ್ತಿದ ಹಾಗೆ, ಆ ಗುರುತು ನೋಡಿಯೇ ಗೌರಿ ಬೈಗುಳವನ್ನೆಲ್ಲ ಮರೆತುಬಿಟ್ಟಳು. ಎರಡು ವರ್ಷದ ಹಿಂದೆ, ಚೊಚ್ಚಲು, ಬೇರೆ ಊರಿನ ಆಸ್ಪತ್ರೆ, ಹೆಸರು ಬೇಡ, ಅಲ್ಲಿಯೂ ಕೊಳವೆ ಇತ್ತು, ಗೋಡೆಯ ಮೊಳೆಗೆ ನೇತುಹಾಕಿದ್ದರು, ಮೇಲೆ ಧೂಳು, ಮಗು ಆಡ್ತಿಲ್ಲ ರೀ ಅಂದರೆ, ಮೊದಲನೇದು ಅಲ್ವಾ ಹಂಗೇ ಇರ್ತತೆ ಹೋಗು, ಹೋದಳು, ಅವರ ಮಾತು ನಂಬಿ ಮನೆಗೆ ಹೋದಳು, ಎಂಟನೆಯ ತಿಂಗಳದು, ಇದೂ ಎಂಟನೆಯ ತಿಂಗಳು, ಹಸಿರು ಬಳೆ ತೊಟ್ಟ ಕೈಯಲ್ಲಿ ಖಾಲಿ ಮಡಿಲು ಹಿಡಿದುಕೊಂಡು ಮನೆಗೆ ಬಂದಾಗ ಇದೇ ವೀರಮ್ಮ ಒಂದು ಮಾತೂ ಆಡದೆ ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ದಳು, ಬಾಯಾಳಿ ವೀರಮ್ಮ, ಇಡೀ ಮಧ್ಯಾಹ್ನ ಬಾಯಿ ತೆಗೆಯಲಿಲ್ಲ. ಅಂಥ ಅತ್ತೆ ಕಲ್ಲು ಕಟ್ಟಿಕೋ ಅಂದರೆ ಕಟ್ಟಿಕೊಳ್ಳದೆ ಏನು ಮಾಡುವುದು, ಆದರೆ ದೇವರೇ, ಕಲ್ಲು ಸಿಕ್ಕಿಬಿದ್ದು ಸಿಸ್ಟರಿಗೆ ಸಿಟ್ಟು ಬಂದು, ಸರ್ಕಾರಿ ಆಸ್ಪತ್ರೆ ಅಂದ್ರೆ ಆಟ ಅನ್ಕಂಡಿದೀಯಾ ಎದ್ದೋಗು ಅಂದರೆ, ಕಿವಿ ಇಡದೆ ಕಳಿಸಿದರೆ — ಮಂಗಳಗೌರಿ! ಪೂರ್ತಿ ಹೆಸರು, ಒಳಗಿನಿಂದ ಸಿಸ್ಟರ ಕೂಗು, ಏಳೇ ನಮ್ಮವ್ವ, ಬೆನ್ನು ನೆಟ್ಟಗೆ ಮಾಡ್ಕಂಡು ನಡಿ, ಅನ್ನುತ್ತ ವೀರಮ್ಮ ಹಿಂದೆಯೇ ಬಂದಳು.

ಚಪ್ಪಲಿ ಬಿಡು, ಹತ್ತು, ಹತ್ತಿದಳು, ಕಾಲಡಿಯ ತಗಡು ತಣ್ಣಗೆ, ಮುಳ್ಳು ಓಡಿತು, ಓಡಿತು, ಓಡುತ್ತಲೇ ಹೋಯಿತು, ಮಂಜುಳಮ್ಮ ಕನ್ನಡಕ ಮೇಲೇರಿಸಿ ಬಗ್ಗಿದಳು, ಅರೆರೆ, ಏನಮ್ಮಾ ಇದು, ಒಂದು ತಿಂಗಳಾಗೆ ಇಷ್ಟೊಂದಾ, ವೀರಮ್ಮ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿ ಬೆಂಚಿಗೆಲ್ಲ ಕೇಳುವ ಹಾಗೆ, ಊಟ ಹಾಕ್ತೀವಿ ರೀ ನಾವು, ಊಟ! — ಆ ಊಟ ಅನ್ನುವ ಮಾತಿಗೆ ಗೌರಿಗೆ ತಡೆಯಲಾಗಲಿಲ್ಲ, ಬೆಳಿಗ್ಗೆಯಿಂದ ಕಟ್ಟಿಟ್ಟ ಭಯವೋ ನಗುವೋ ಯಾವುದೋ ಒಂದು ಒಡೆದು ಹೊಟ್ಟೆ ಕುಲುಕಿತು, ಗಂಟು ಸಡಿಲಿತು, ನೆರಿಗೆಯೊಳಗಿಂದ ಕಲ್ಲು ಧಡ್ ಅಂತ ತಗಡಿನ ಮೇಲೆ ಬಿತ್ತು, ಉರುಳಿತು, ಮಂಜುಳಮ್ಮನ ಕಾಲ ಬಳಿ ಹೋಗಿ ನಿಂತಿತು, ಮುಳ್ಳು ಸರ‍್ರನೆ ಹಿಂದಕ್ಕೆ. ಸಿಸ್ಟರು ಕಲ್ಲನ್ನು ನೋಡಿದಳು, ಗೌರಿಯನ್ನು ನೋಡಿದಳು, ಹೆತ್ತೇ ಬಿಟ್ಯೇನೇ ಎಂದು ಬಾಗಿಲಲ್ಲಿ ಇಣುಕುತ್ತಿದ್ದ ಚಿನ್ನಕ್ಕ ಕೂಗಿದಳು, ಅಷ್ಟೇ, ಆಸ್ಪತ್ರೆಗೆ ಆಸ್ಪತ್ರೆಯೇ ನಕ್ಕಿತು, ಮಂಜುಳಮ್ಮ ಗೋಡೆ ಹಿಡಿದುಕೊಂಡು ನಕ್ಕಳು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು, ಯಾರದಿದು ಬುದ್ಧಿ, ನಂದೇ ಕಣಮ್ಮ, ವೀರಮ್ಮನ ದನಿ ಮೊದಲ ಸಲ ಸಣ್ಣದಾಯಿತು, ಊಟ ಹಾಕಲ್ಲ ಅಂದ್ಯಲ್ಲ ನೀನು, ತಿಂಗಳಿಂದ ನಿದ್ದೆ ಮಾಡಿಲ್ಲ ನಾನು. ಸಿಸ್ಟರ ನಗು ನಿಂತಿತು, ತಪ್ಪಾಯ್ತು ಅತ್ತೆಮ್ಮ, ಅಷ್ಟು ಮಂದಿ ಮುಂದೆ ಹಂಗನ್ನಬಾರದಾಗಿತ್ತು, ನೋಡಿಲ್ಲಿ, ಕಲ್ಲಿಲ್ದೇನೂ ಮುಳ್ಳು ಮೇಲೇರೈತೆ, ನಿನ್ನ ಊಟಕ್ಕೇ ಏರೈತೆ. ಗೌರಿ ತಗಡಿನ ಮೇಲೆಯೇ ನಿಂತಿದ್ದಳು, ಅವಳ ನಗು ಯಾವಾಗ ಅಳುವಾಯಿತೋ ಅವಳಿಗೇ ಗೊತ್ತಿಲ್ಲ, ಸಿಸ್ಟರೇ, ನಿನ್ನೆ ಸಂಜೆಯಿಂದ ಆಡ್ತಿಲ್ಲ ರೀ.

ಬಾಗಿಲು ಮುಚ್ಚಿತು. ಮೇಜು ಎತ್ತರ, ಮೇಲೆ ಫ್ಯಾನು ನಿಧಾನ, ಕರೆಂಟು ಸಾಲದು, ಬಳೆ ಅಲ್ಲಾಡಿಸಬ್ಯಾಡ ಗೌರಿ, ಎರಡೂ ಕೈ ಎದೆಗೆ ಒತ್ತಿಕೊಂಡಳು, ಹಸಿರು ಬಳೆಗಳೂ ಸುಮ್ಮನಾದವು, ಕೊಳವೆಯ ಬಾಯಿ ತಣ್ಣಗೆ ಹೊಕ್ಕುಳ ಕೆಳಗೆ, ಕಿವಿ ಇಳಿಯಿತು, ಕೇಳಿತು, ಎದ್ದಿತು, ಎಡಕ್ಕೆ ಸರಿಯಿತು, ಮತ್ತೆ ಇಳಿಯಿತು, ಏನೂ ಹೇಳುತ್ತಿಲ್ಲ ಯಾಕೆ, ಚೆಪ್ಪಬೇಕು ಕದಾ, ಒಂದು ಮಾತು, ನಿನ್ನೆಯಿಂದ ಮಗ್ಗ ನಿಂತಿದೆ, ದಿನಾ ಲಾಳಿ ಓಡಲು ಶುರುವಾದರೆ ಸಾಕು ಇವನೂ ಶುರು, ಮಗ್ಗ ನಿಂತಿದ್ದಕ್ಕೆ ಮುನಿಸಿಕೊಂಡೆಯೇನೋ, ಅಪ್ಪ ಕಲ್ಲು ಹುಡುಕುತ್ತಿದ್ದಾನೆ ಕಣೋ, ಒಯ್ದು ಕೊಡೋಣ, ಇವತ್ತೇ ಕೊಡೋಣ, ಆಡೋ — ಕಿವಿ ಒಂದು ಕಡೆ ನಿಂತುಬಿಟ್ಟಿತು, ಅಲ್ಲಾಡಲಿಲ್ಲ, ಸಿಸ್ಟರು ಕಣ್ಣು ಮುಚ್ಚಿದಳು, ಆಮೇಲೆ ಆಕೆಯ ತಲೆ ಕೊಳವೆ ಸಮೇತ ಒಮ್ಮೆ ಎಗರಿತು, ಅಯ್ಯೋ ಕಳ್ಳಾ, ನನಗೇ ಒದೀತೀಯಾ! ಅದೇ ಹೊತ್ತಿಗೆ ಗೌರಿಗೂ ಒಳಗಿಂದ ತಟ್ಟಿತು, ಮತ್ತೊಮ್ಮೆ, ಮತ್ತೊಮ್ಮೆ, ಇದಾನೆ, ಇದಾನೆ, ಗಟ್ಟಿಯಾಗಿದಾನೆ, ನಿದ್ದೆ ಹೊಡೀತಿದ್ದ ನಿನ್ನ ಮಗ, ಆದ್ರೆ ಕೇಳಿಲ್ಲಿ, ಇನ್ನೊಂದು ಸಲ ಆಡ್ಲಿಲ್ಲ ಅನ್ನಿಸಿದ್ರೆ ಬೆಳಗಾಗ್ಲಿ ಅಂತ ಕಾಯಬ್ಯಾಡ, ತಕ್ಷಣ ಬಾ, ನಾನು ಬೈದ್ರೂ ಬಾ. ಎದ್ದು ನಿಂತ ಸಿಸ್ಟರು ಕೊಳವೆ ಹಿಡಿದು ಮೂಲೆಯಲ್ಲಿ ಕಲ್ಲು ಅಪ್ಪಿಕೊಂಡು ನಿಂತಿದ್ದ ವೀರಮ್ಮನ ಕಡೆ ತಿರುಗಿದಳು, ಬಾ ಅತ್ತೆಮ್ಮ, ನೀನೂ ಕೇಳು, ನಿನ್ನ ಊಟ ಉಂಡೋನ ಸದ್ದು. ನನ್ನ ಕಿವಿ ಮಗ್ಗದ ಸದ್ದಿಗೆ ಹೋಗೈತೆ, ನನಗೇನ್ ಕೇಳ್ತತೆ, ಅನ್ನುತ್ತಲೇ ಬಂದಳು, ಕಲ್ಲನ್ನು ಗೌರಿಯ ಕಾಲ ಬಳಿ ಇಟ್ಟಳು, ಓಲೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿದಳು, ಕಿವಿ ಇಟ್ಟಳು. ಹೊರಗೆ ಬೆಂಚು ಕೂಗುತ್ತಿದೆ, ಎಷ್ಟೊತ್ತು ರೀ, ನಮಗೂ ಬಸ್ಸೈತೆ, ವೀರಮ್ಮ ಏಳಲಿಲ್ಲ, ಕೇಳ್ತತಾ ಅತ್ತೆ, ಮಾತಿಲ್ಲ, ಅವತ್ತಿನ ಹಾಗೆಯೇ ಮಾತಿಲ್ಲ, ಆದರೆ ಇದು ಅವತ್ತಲ್ಲ, ಹೊಟ್ಟೆಯ ಮೇಲೆ ಬೆಚ್ಚಗೆ ಹನಿ ಬಿತ್ತು, ಆಮೇಲೆ ಮುದುಕಿ ನಿಧಾನಕ್ಕೆ ತಲೆಯೆತ್ತಿದಳು, ಓಲೆಯಿಲ್ಲದ ಬರಿ ಕಿವಿ, ಅದರ ಮೇಲೆ ದುಂಡಗೆ, ಕೆಂಪಗೆ, ಬಳೆ ಒತ್ತಿದ ಹಾಗೆ, ಆ ಗುರುತು —