ಲೂರ್ದಮ್ಮ ಟೀಚರ್ ನುಂಗಿದ ಸಾಲು

ಶಿಕಾರಿಪುರದ ನಮ್ಮ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ಲೂರ್ದಮ್ಮ ಟೀಚರ್ ದಿನಾ ಸಂಜೆ ಗಟ್ಟಿಯಾಗಿ ಪ್ರಾರ್ಥನೆ ಹೇಳುತ್ತಿದ್ದರು. ನಡುವೆ ಇದ್ದದ್ದು ಒಂದು ತೆಳುವಾದ ಗೋಡೆ. ಲಿಂಗಪೂಜೆಯ ಮನೆಯಲ್ಲಿ ಬೆಳೆದ ನನಗೂ ಕೇಳಿ ಕೇಳಿ ಅದು ಬಾಯಿಪಾಠವಾಗಿತ್ತು. ಮೊದಲು ಪರಲೋಕದ ತಂದೆಯನ್ನು ಕರೆಯುವುದು, ಆಮೇಲೆ ಅಂದಿನ ಅನ್ನ ಕೇಳುವುದು, ಆಮೇಲೆ ಕ್ಷಮೆ ಕೇಳುವುದು. ನಮಗೆ ತಪ್ಪು ಮಾಡಿದವರನ್ನು ನಾವೂ ಕ್ಷಮಿಸುತ್ತೇವೆ ಎನ್ನುವ ಮಾತು ಬರುವ ಜಾಗಕ್ಕೆ ಬಂದಾಗ ಟೀಚರ್ ನಿಲ್ಲುತ್ತಿದ್ದರು. ಆ ಸಾಲು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮೌನ. ಮತ್ತೆ ಮುಂದಿನ ಸಾಲಿನಿಂದ ಶುರು.

ನಾನು ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಓದುವಾಗ ಸಿಸ್ಟರ್‌ಗಳು ನಡೆಸುವ ಹಾಸ್ಟೆಲಿನಲ್ಲಿದ್ದೆ. ಹಾಗಾಗಿ ಆ ಜಾಗದಲ್ಲಿ ಏನಿರಬೇಕೆಂದು ನನಗೆ ಗೊತ್ತಿತ್ತು. ಓದು ಮುಗಿಸಿ ಮನೆಗೆ ಬಂದ ಮೇಲೆ ಒಮ್ಮೆ ಕೇಳಿಯೇಬಿಟ್ಟೆ.

ಟೀಚರ್ ದಾರವನ್ನು ಹಲ್ಲಿನಿಂದ ಕಡಿಯುತ್ತ, "ದೇವರ ಹತ್ರ ಸುಳ್ಳು ಹೇಳಬಾರ್ದು ಬಿಂದು ಮಾರಾಯ್ತಿ" ಎಂದರು. "ಮನುಷ್ಯರ ಹತ್ರ ಬೇಕಾದ್ರೆ ಹೇಳಬಹುದು."

ಅವರು ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಅದಕ್ಕೂ ಮೊದಲು, ಗಂಡನೊಂದಿಗೆ ಕ್ಯಾಸನೂರಿನ ಕಡೆ ಇದ್ದಾಗ, ಅವರಿಗೊಬ್ಬ ಮಗಳಿದ್ದಳು. ಹೆಸರು ಜಸಿಂತಾ. ಎರಡನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಮಂಗನ ಕಾಯಿಲೆ ಬಂತು. ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಆ ಸುತ್ತಿನಲ್ಲಿ ಜೀಪು ಇದ್ದದ್ದು ಟೀಚರ ತಮ್ಮ ಇನ್ನಾಸಪ್ಪನ ಹತ್ತಿರ ಮಾತ್ರ. ಮಧ್ಯಾಹ್ನವೇ ಬರುತ್ತೇನೆಂದು ಹೇಳಿ ಕಳಿಸಿದವನು ಬರಲಿಲ್ಲ. ಮಗು ಉಳಿಯಲಿಲ್ಲ. ಆಮೇಲೆ ಅವನು, "ಬಂದಿದ್ದೆ, ಬಾಗಿಲು ಹಾಕಿತ್ತು" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಟೀಚರ್ ಆ ದಿನ ಬಾಗಿಲು ಹಾಕಿಯೇ ಇರಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದರು. ಅಂದಿನಿಂದ ಅವರು ತಮ್ಮನ ಮುಖ ನೋಡಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಫಾದರ್ ಪ್ರದೀಪ್ ಬಂದರು. ಚರ್ಚಿಗೆ ಹೊಸದಾಗಿ ಬಂದಿದ್ದ ಹುಡುಗುಮುಖದ ಪಾದ್ರಿ. ಟೀಚರ್ ಬಲಿಪೀಠಕ್ಕೆ ಹಾಸುವ ಬಿಳಿ ಬಟ್ಟೆಯ ಅಂಚು ಹೊಲಿಯುತ್ತಿದ್ದರು. ನಾನು ಆ ಬಟ್ಟೆ ನೆಲಕ್ಕೆ ತಾಗದಂತೆ ಇನ್ನೊಂದು ತುದಿ ಹಿಡಿದುಕೊಂಡಿದ್ದೆ.

"ಸೊರಬದಿಂದ ಇನ್ನಾಸಪ್ಪನವರ ಮಗಳು ರೀಟಾ ಫೋನ್ ಮಾಡಿದ್ರು ಟೀಚರ್" ಎಂದರು ಫಾದರ್. "ತುಂಬ ಸೀರಿಯಸ್ ಇದೆ. ನಿನ್ನೆ ಹೋಗಿ ಪಾಪನಿವೇದನೆ ಕೇಳಿ, ಕೊನೆಗಾಲದ ಎಣ್ಣೆ ಹಚ್ಚಿ ಬಂದೆ. ಅಕ್ಕನ್ನ ಒಂದ್ಸಲ ನೋಡ್ಬೇಕು ಅಂತಿದಾರೆ."

ಟೀಚರ ಹೊಲಿಗೆ ಮಿಷನ್ನಿನ ಚಕ್ರ ತಿರುಗುತ್ತಲೇ ಇತ್ತು. "ಅವನಿಗೆ ಕ್ಷಮೆ ಸಿಕ್ತಾ?"

"ಸಿಕ್ತು."

"ಹಂಗಾದ್ರೆ ಸೀದಾ ಮೇಲಕ್ಕೆ."

"ದೇವರ ಕೃಪೆ. ನೀವೂ ಒಂದಿನ ಅಲ್ಲಿಗೇ ಹೋಗೋದು. ಜಸಿಂತಾ, ನೀವು, ನಿಮ್ಮ ತಮ್ಮ, ಎಲ್ಲಾ ಒಟ್ಟಿಗೆ ಇರ್ತೀರಿ."

ಸಮಾಧಾನಕ್ಕೆಂದೇ ಹೇಳಿದ ಮಾತು. ಚಕ್ರ ನಿಂತಿತು.

"ಅಲ್ಲಿ ಅವನು ಎದುರಿಗೆ ಸಿಕ್ಕಿದ್ರೆ ಕಪಾಳಕ್ಕೊಂದು ಬಾರಿಸಬಹುದಾ ಫಾದರ್?"

ಫಾದರ್ ನಕ್ಕರು. ಟೀಚರ್ ನಗಲಿಲ್ಲ.

"ಅಲ್ಲಿ ಪಾಪ ಇರಲ್ಲ ಟೀಚರ್."

"ಇರಲ್ಲ ಅಂದ್ರೆ? ಮಾಡೋಕೆ ಬಿಡಲ್ವಾ, ಮಾಡ್ಬೇಕು ಅಂತ ಅನ್ಸೋದೇ ಇಲ್ವಾ?"

ಫಾದರ್ ಹೆಲ್ಮೆಟ್ಟನ್ನು ಈ ತೊಡೆಯಿಂದ ಆ ತೊಡೆಗೆ ಇಟ್ಟುಕೊಂಡರು. "ಅನ್ಸೋದೇ ಇಲ್ಲ. ದೇವರನ್ನ ಎದುರಿಗೇ ಕಂಡವರಿಗೆ ಬೇರೆ ಏನೂ ಬೇಕು ಅನ್ಸಲ್ಲ."

"ಅನ್ಸದೇ ಇರೋ ಹಂಗೆ ಮಾಡೋರ್ಯಾರು? ನಾನಾ, ದೇವರಾ?"

"ಅದು... ಕೃಪೆ ಅಂತ."

"ನನ್ನ ಸಿಟ್ಟು ಕಿತ್ತು ಚಪ್ಪಲಿ ಹಂಗೆ ಹೊರಗೆ ಬಿಡಿಸಿ ಒಳಗೆ ಕರ್ಕೊಂಡ್ರೆ, ಒಳಗೆ ಹೋಗಿ ಕೂರೋಳು ಯಾರು? ನಾನಂತೂ ಅಲ್ಲ. ನನ್ನ ಸೀರೆ ಉಟ್ಕೊಂಡಿರೋ ಯಾರೋ ಒಳ್ಳೇ ಹೆಂಗಸು. ಅವಳು ನನ್ನ ಮಗಳನ್ನ ಎಂತಕ್ಕೆ ಮುದ್ದಾಡ್ಬೇಕು?"

ಫಾದರ್ ನನ್ನತ್ತ ನೋಡಿದರು. ನಾನು ಬಟ್ಟೆಯ ತುದಿ ನೋಡಿದೆ.

"ಸೈತಾನನೂ ಮೊದ್ಲು ದೇವದೂತನಾಗಿ ಅಲ್ಲೇ ಇದ್ದೋನಲ್ವಾ?" ಟೀಚರ್ ಬಿಡಲಿಲ್ಲ. "ಪಾಪ ಮಾಡ್ಬೇಕು ಅಂತ ಅವನಿಗೆ ಹೆಂಗೆ ಅನ್ನಿಸ್ತು ಹಾಗಾದ್ರೆ?"

"ಆಗ ದೇವದೂತರು ದೇವರು ಬೇಕಾ ಬೇಡ್ವಾ ಅಂತ ಇನ್ನೂ ಆರಿಸ್ಕೊಂಡಿರಲಿಲ್ಲ ಟೀಚರ್. ಆರಿಸ್ಕೊಳ್ಳೋದು ಮೊದ್ಲು. ಯಾರು ಏನು ಆರಿಸ್ಕೊಂಡ್ರೋ ಅದೇ ಆಮೇಲೆ ಗಟ್ಟಿಯಾಗಿ ನಿಂತ್ಬಿಡ್ತು." ಫಾದರ್ ಎದ್ದರು. "ಸೊರಬಕ್ಕೆ ಹೋಗಿ ಬನ್ನಿ. ಹೆಚ್ಚು ದಿನ ಇಲ್ಲ."

"ಬರಲ್ಲ ಅಂತ ಹೇಳಿ. ಸೊರಬಕ್ಕೂ ಬರಲ್ಲ, ಅವನಿರೋದಾದ್ರೆ ಮೇಲಕ್ಕೂ ಬರಲ್ಲ."

ಬೈಕಿನ ಶಬ್ದ ದೂರವಾಗುವವರೆಗೂ ಅವರು ಸೂಜಿಯನ್ನೇ ನೋಡುತ್ತ ಕೂತಿದ್ದರು. ಮೇಲಕ್ಕೆ ಬರಲ್ಲ ಎಂದರೆ ಜಸಿಂತಾಳನ್ನು ಇನ್ನು ನೋಡುವುದಿಲ್ಲ ಎಂದು. ಬಾಯಿಂದ ಬಂದದ್ದರ ಅರ್ಥ ನನಗಿಂತ ಮೊದಲು ಅವರಿಗೇ ಹೊಳೆದಿತ್ತು.

ಅವತ್ತು ಸಂಜೆ ಗೋಡೆಯಾಚೆ ಪ್ರಾರ್ಥನೆಯೇ ಕೇಳಲಿಲ್ಲ. ಮರುದಿನವೂ ಇಲ್ಲ. ಇಷ್ಟು ದಿನ ಆ ಒಂದು ಸಾಲಿನ ಮೌನಕ್ಕೆ ನಾನು ಒಗ್ಗಿಹೋಗಿದ್ದೆ. ಅದಕ್ಕೆ ಎರಡು ಕಡೆಯೂ ಮಾತಿನ ದಂಡೆಯಿತ್ತು. ಈಗಿನದಕ್ಕೆ ದಂಡೆಯೇ ಇರಲಿಲ್ಲ. ತಡೆಯಲಾಗದೆ ಹಿಂದಿನ ಬಾಗಿಲಿನಿಂದ ಹೋಗಿ ಅವರ ಪಕ್ಕ ಕೂತೆ.  ಅವರೇ ಮಾತು ತೆಗೆದರು.

"ಅವಳಿಗೆ ಮಾಮ ಅಂದ್ರೆ ಪ್ರಾಣ. ಜ್ವರದಲ್ಲೂ ರಸ್ತೆ ಕಡೆ ಕಿವಿ ಕೊಟ್ಕೊಂಡು ಮಲಗಿದ್ಲು. ಜೀಪು ಬಂತಾ ಅಂತ ಕೇಳೋಳು. ಬರ್ತಾನೆ, ಮಲಗು ಅನ್ನೋಳು ನಾನು. ಅವನ ಮೇಲೆ ಒಂದು ಚೂರೂ ಸಿಟ್ಟಿಲ್ದೆ ಹೋದ್ಲು, ಬಿಂದು." ಆಮೇಲೆ, "ಈಗ ಅವನು ಹೋದ ತಕ್ಷಣ ಓಡಿ ಹೋಗಿ ತಬ್ಕೊಳ್ತಾಳೆ. ನಾನು ಒಂದು ಮೂಲೇಲಿ ನಿಂತ್ಕೊಂಡು ನೋಡ್ಬೇಕು" ಎಂದರು.

"ಅಲ್ಲಿ ನಿಮಗೆ ಹಂಗೆ ಅನ್ಸಲ್ಲ ಅಂದ್ರಲ್ಲ ಫಾದರ್."

"ಅದೇ ನನ್ನ ಹೆದರಿಕೆ. ಇಷ್ಟು ವರ್ಷ ಹೊತ್ತಿದ್ದ ಸಿಟ್ಟನ್ನ ನನ್ನ ಒಂದು ಮಾತೂ ಕೇಳದೆ ಇಳಿಸ್ಬಿಡ್ತಾರಲ್ಲ."

 ಅಷ್ಟರಲ್ಲಿ ನನ್ನ ಅಮ್ಮ ನಿರ್ಮಲಮ್ಮ ಎಲೆಅಡಿಕೆಯ ತಟ್ಟೆ ಹಿಡಿದು ಬಂದಳು. ನೆರೆಮನೆಯ ಮೌನ ಅವಳಿಗೂ ತಲುಪಿತ್ತು, ಆದರೆ ಅವಳಿಗೆ ಮೌನದ ಹತ್ತಿರ ಹೆಚ್ಚು ಹೊತ್ತು ಕೂರಲು ಬರುವುದಿಲ್ಲ.

"ಏನ್ರೀ ಟೀಚರ್ರೇ, ಸ್ವರ್ಗಕ್ಕೂ ಬರಂಗಿಲ್ಲ ಅಂದ್ರಂತೆ? ನಮ್ಮದೇ ಆರಾಮ ನೋಡ್ರೀ. ಲಿಂಗೈಕ್ಯ ಆದ್ರೆ ಮುಗೀತು. ತಮ್ಮನೂ ಸಿಗಂಗಿಲ್ಲ, ನಾದಿನಿನೂ ಸಿಗಂಗಿಲ್ಲ."

"ನಿಮ್ಮ ನಾದಿನಿಯಿಂದ ತಪ್ಪಿಸ್ಕೊಳ್ಳೋಕೆ ಅಂತಾನೇ ಕಂಡುಹಿಡಿದಂಗಿದೆ" ಎಂದರು ಟೀಚರ್. ಎರಡು ದಿನದಲ್ಲಿ ಮೊದಲ ನಗೆ.

ಅಮ್ಮ ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು, ಹಳೆಯ ಅಭ್ಯಾಸದಲ್ಲಿ ಕಡ್ಡಿಪುಡಿಯ ಡಬ್ಬಿಯನ್ನೂ ಮುಂದೆ ಚಾಚಿದಳು. ತಂಬಾಕಿನ ವಾಸನೆಗೆ ಟೀಚರ್ ಮುಖ ಸಿಂಡರಿಸಿ ಡಬ್ಬಿಯನ್ನು ಆಚೆ ತಳ್ಳಿದರು.

"ಒಂದು ಕಾಲಕ್ಕ ನಮ್ಮ ಡಬ್ಬಿನೇ ಖಾಲಿ ಮಾಡ್ತಿದ್ರಿ! ಈಗ ಡಾಕ್ಟ್ರು ಬ್ಯಾಡ ಅಂದಾರೇನು?"

"ಡಾಕ್ಟ್ರು ಯಾವತ್ತೋ ಹೇಳಿದ್ರು. ಅವರು ಹೇಳಿದ್ದಕ್ಕೆ ಯಾರು ಬಿಡ್ತಾರೆ? ನಾನೇ ಬಿಟ್ಟೆ. ಹುಚ್ಚು ಹಿಡಿದಂಗೆ ಒದ್ದಾಡಿದ್ದೆ ಆಗ. ಮಕ್ಕಳಿಗೆಲ್ಲ ಸುಮ್ ಸುಮ್ನೆ ಬೈತಿದ್ದೆ."

"ಈಗ ತಿನ್ನಬೇಕು ಅನ್ಸಂಗಿಲ್ಲ?"

"ಥೂ, ವಾಸನೆಗೇ ಹೊಟ್ಟೆ ತೊಳೆಸುತ್ತೆ. ಈಗ ತಿನ್ನು ಅಂತ ಯಾರಾದ್ರೂ ಹಿಡ್ಕೊಂಡು ಬಾಯಿಗೆ ತುರುಕಿದ್ರೂ..."

 ಟೀಚರ್ ಡಬ್ಬಿಯನ್ನು ನೋಡಿದರು. ಅದು ಅವರ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು, ಮುಚ್ಚಳ ತೆಗೆದೇ ಇತ್ತು, ತಡೆಯುವವರು ಯಾರೂ ಇರಲಿಲ್ಲ. ಅವರು ಅದನ್ನು ಎತ್ತಿ, ಮೂಗಿನ ಹತ್ತಿರ ಹಿಡಿದು, ಮತ್ತೆ ಕೆಳಗಿಟ್ಟರು.

"ಬೇಡ ಅನ್ಸೋದು ನಂದೇ" ಎಂದರು, ನಮ್ಮಿಬ್ಬರಿಗೂ ಅಲ್ಲದಂತೆ. "ಯಾರೂ ಕಿತ್ಕೊಂಡಿಲ್ಲ. ನಾನು ಒದ್ದಾಡಿ ಸಂಪಾದ್ಸಿದ್ದು."

"ಕಡ್ಡಿಪುಡಿ ವಿಷಯ ಏನ್ರೀ?" ಎಂದಳು ಅಮ್ಮ.

ಟೀಚರ್ ಎಲೆಯನ್ನು ಬಾಯಿಗಿಟ್ಟು ನಿಧಾನವಾಗಿ ಅಗಿಯುತ್ತ, "ಆ ಹುಡುಗ ಪಾದ್ರಿ ಹೋಗ್ತಾ ಏನೋ ಹೇಳಿದ್ನಲ್ಲ ಬಿಂದು? ಆರಿಸ್ಕೊಳ್ಳೋದು ಮೊದ್ಲು ಅಂತ. ಅದನ್ನ ಮೊದ್ಲೇ ಹೇಳೋದು ಬಿಟ್ಟು ಹೆಲ್ಮೆಟ್ ಆಡಿಸ್ತಾ ಕೂತಿದ್ದ" ಎಂದರು. ಆಮೇಲೆ, "ಬೆಳಿಗ್ಗೆ ಸೊರಬಕ್ಕೆ ಬಸ್ಸಿದೆ ಅಲ್ವಾ?"

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ನೆಟ್ಟಗೆ ಕೂತಿದ್ದರು, ಪರೀಕ್ಷೆಗೆ ಹೋಗುವವರ ಹಾಗೆ. ಶಿರಾಳಕೊಪ್ಪದಲ್ಲಿ ಅರ್ಧ ಬಸ್ಸು ಇಳಿದು ಇನ್ನರ್ಧ ತುಂಬಿಕೊಂಡಿತು. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, "ಈಗ್ಲೂ ಇಳಿದು ವಾಪಸ್ ಹೋಗಬಹುದು, ಅಲ್ವಾ?" ಎಂದರು.

"ಹೋಗಬಹುದು ಟೀಚರ್. ಎದುರಿಗೇ ಶಿಕಾರಿಪುರದ ಬಸ್ಸು ನಿಂತಿದೆ."

"ನಿಂತಿರ್ಲಿ" ಎಂದರು. ಅವರ ದನಿಯಲ್ಲಿ ಒಂದು ಬಗೆಯ ಸಂತೋಷವಿತ್ತು.

ಇನ್ನಾಸಪ್ಪನ ಮನೆ ಸೊರಬದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ರೀಟಾ ಬಾಗಿಲಲ್ಲೇ ಅತ್ತೆಯ ಕೈ ಹಿಡಿದು ಅತ್ತಳು. ಒಳಗೆ ಮಂಚದ ಮೇಲೆ ದೊಡ್ಡ ಮೂಗು, ದೊಡ್ಡ ಕಿವಿಗಳಷ್ಟೇ ಉಳಿದಂತಿದ್ದ ಒಬ್ಬ ಮುದುಕ ಮಲಗಿದ್ದ. ಅಕ್ಕನನ್ನು ಕಂಡು ಏಳಲು ನೋಡಿ ಸೋತ.

ಟೀಚರ್ ಕುರ್ಚಿ ಎಳೆದುಕೊಂಡರು, ಕೂರಲಿಲ್ಲ. ಅದರ ಬೆನ್ನು ಹಿಡಿದು ನಿಂತರು.

"ಅವತ್ತು ಎಲ್ಲಿದ್ದೆ? ಬಾಗಿಲಿನ ಕತೆ ಬೇಡ. ಬಾಗಿಲಲ್ಲಿ ನಾನೇ ಕೂತಿದ್ದೆ."

"ಇಸ್ಪೀಟಿಗೆ ಕೂತಿದ್ದೆ ಅಕ್ಕ" ಎಂದ ಇನ್ನಾಸಪ್ಪ. ದನಿ ಬಹಳ ಸಣ್ಣದು. "ಇನ್ನೊಂದಾಟ ಆಡಿ ಏಳ್ತೀನಿ ಅಂದ್ಕೊಂಡೆ. ಆಮೇಲೆ ಇನ್ನೊಂದು. ಯಾರೂ ಹಿಡ್ಕೊಂಡಿರಲಿಲ್ಲ ನನ್ನ. ಏಳಬಹುದಾಗಿತ್ತು."

ಆಗ ಟೀಚರ್ ಬೈದರು. ಇಷ್ಟು ವರ್ಷ ಕೂಡಿಟ್ಟಿದ್ದನ್ನೆಲ್ಲ ತೆಗೆದರು. ಹೊಲಿಗೆ ಕ್ಲಾಸಿನ ದನಿಯಲ್ಲಿ, ಬೀದಿಗೆ ಕೇಳುವ ಹಾಗೆ. ಪಕ್ಕದ ಮನೆಯ ಯಮುನಮ್ಮ ಕೈಯಲ್ಲಿ ಮೊರ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ರೀಟಾ ತಡೆಯಲು ಹೋದಾಗ ಇನ್ನಾಸಪ್ಪನೇ ಕೈಯಾಡಿಸಿ ಬೇಡವೆಂದ. ಬೈಗುಳ ಮುಗಿಯಿತು.

"ಇನ್ನೂ ಬೈಯಿ" ಎಂದ ಅವನು. "ಆದ್ರೆ ಕ್ಷಮಿಸ್ಬೇಡ ಅಕ್ಕ. ಫಾದರ್ ಕ್ಷಮಿಸಿದ್ರು, ದೇವ್ರೂ ಕ್ಷಮಿಸ್ತಾನಂತೆ. ನೀನೊಬ್ಬಳಾದ್ರೂ ಸಿಟ್ಟಿಟ್ಕೋ. ಇಲ್ಲಾಂದ್ರೆ ಆ ಮಗೂದು ಯಾರಿಗೆ ನೆನಪಿರುತ್ತೆ?"

"ಅದನ್ನ ಹೇಳೋಕೆ ನೀನ್ಯಾವನೋ?" ಟೀಚರ ಕಣ್ಣು ಹೊಳೆಯಿತು. "ಸಿಟ್ಟು ನಂದು. ಇಟ್ಕೊಳ್ಳೋದೂ ನನ್ನಿಷ್ಟ, ಬಿಡೋದೂ ನನ್ನಿಷ್ಟ. ಮಗಳನ್ನ ನೆನಪಿಟ್ಕೊಳ್ಳೋಕೆ ನಂಗೆ ನಿನ್ನ ತಪ್ಪು ಬೇಕಾ? ಮೇಲೆ ಹೋದ್ಮೇಲೆ ನಾನು ನಿನ್ನ ಕ್ಷಮಿಸಿದ್ರೆ ಅದು ಎಂತ ದೊಡ್ಡ ವಿಷಯ? ಅಲ್ಲಿ ಎಲ್ಲಾರೂ ಒಳ್ಳೇರೇ. ಇಲ್ಲಿ ಕ್ಷಮಿಸ್ತೀನಿ. ಆಗಲ್ಲ ಹೋಗೋ ಅನ್ನಬಹುದಾದ ಜಾಗದಲ್ಲಿ ನಿಂತು ಕ್ಷಮಿಸ್ತೀನಿ."

ಈಗ ಕೂತರು. "ರೀಟಾ, ಪ್ರಾರ್ಥನೆ ಶುರು ಮಾಡೇ."

ರೀಟಾ ಶುರು ಮಾಡಿದಳು. ಇನ್ನಾಸಪ್ಪನ ತುಟಿಗಳು ಅಲುಗುತ್ತಿದ್ದವು. ತಂದೆಯನ್ನು ಕರೆದದ್ದಾಯಿತು, ಅನ್ನ ಕೇಳಿದ್ದಾಯಿತು. ನನಗೆ ಆ ಜಾಗ ಗೊತ್ತಿತ್ತು. ಕಾದೆ. ಅಲ್ಲಿಗೆ ಬರುತ್ತಲೇ ತಮ್ಮನ ತುಟಿಗಳು ನಿಂತವು. ರೀಟಾಳ ದನಿಯೂ ಕುಗ್ಗಿತು. ಕ್ಷಣಹೊತ್ತು ನಮ್ಮ ಗೋಡೆಯಾಚೆಯ ಅದೇ ಮೌನ ಆ ಕೋಣೆಯೊಳಗೆ ಬಂದು ಕೂತಿತು.

ಆಮೇಲೆ ಟೀಚರ್ ಆ ಸಾಲು ಹೇಳಿದರು. ಒಬ್ಬರೇ, ಪೂರ್ತಿ, ಒಂದೊಂದು ಮಾತನ್ನೂ ಹೊಲಿಗೆ ಹಾಕಿದಂತೆ ಬಿಡಿಬಿಡಿಯಾಗಿ ಮತ್ತು ಗಟ್ಟಿಯಾಗಿ. ದನಿ ಎಲ್ಲೂ ನಡುಗಲಿಲ್ಲ. ಅಳುತ್ತಿದ್ದದ್ದು ನಾವು. ಯಾವ ಪ್ರಾರ್ಥನೆಯೆಂದೇ ತಿಳಿಯದ ಯಮುನಮ್ಮ ಮೊರ ಕೆಳಗಿಟ್ಟು ಕೈ ಮುಗಿದರು.

ಮುಗಿದ ಮೇಲೆ ಟೀಚರ್ ತಮ್ಮನಿಗೆ ಗಂಜಿ ಕುಡಿಸಿದರು. ಅವನು ಎರಡು ಚಮಚ ಕುಡಿದು ಸಾಕೆಂದ. "ಬಾಯಿ ತೆಗಿ" ಎಂದು ಗದರಿದರು. ಅವನು ತೆಗೆದ.

ಹಿಂದಿರುಗುವಾಗ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡು, ಗೆದ್ದು ಬಂದ ಆಟಗಾರ್ತಿಯ ಹಾಗೆ ಕಾಲು ಚಾಚಿದರು.

"ಇನ್ನು ಅವನು ಅಲ್ಲಿ ಸಿಗ್ಲಿ. ನಂದೇನೂ ತಕರಾರಿಲ್ಲ."

"ಕಪಾಳಕ್ಕೆ ಬಾರಿಸೋದು?"

"ಬಾರಿಸಬೇಕು ಅನ್ಸಿದ್ರೆ ತಾನೆ" ಎಂದು ನಕ್ಕರು. ಶಿಕಾರಿಪುರದ ಬಸ್ಸು ಬಂತು. ಮೆಟ್ಟಿಲು ಹತ್ತುತ್ತ, ನನ್ನ ಕೈ ಹಿಡಿಯದೆ, ಕಂಬಿ ಹಿಡಿದು ತಾವೇ ಹತ್ತುತ್ತ ಹೇಳಿದರು: "ಅವನೇ ಮೊದ್ಲು ಹೋಗೋದು. ಹೋಗಿ ಜಸಿಂತಾಗೆ ಹೇಳ್ಲಿ. ನಿಮ್ಮಮ್ಮನ್ನ ಯಾರೂ ಬಗ್ಗಿಸಲಿಲ್ಲ ಕಣೇ, ಅವಳೇ ಬಂದ್ಲು ಅಂತ."