ತೊಗರಿಕಾಳಿನಷ್ಟು ತೂತು

ತುಪ್ಪ ಅಣ್ಣನ ಹೆಬ್ಬೆರಳಿನಿಂದ ಮಣಿಕಟ್ಟಿಗೆ ಇಳಿಯುತ್ತಿದೆ, ಹೋಳಿಗಿಯ ತುಂಡು ಹಿಡಿದ ಕೈ ನನ್ನ ಬಾಯಿಯ ಮುಂದೆ, ಬಾಯಿ ತೆರಿ ವಿಜು, ಎಲ್ಲಾರೂ ನೋಡ್ಲಿಕತ್ತಾರ — ನೋಡಲಿ, ಭಾಲ್ಕಿಯ ಈ ಪಡಸಾಲೆ ತುಂಬ ಅವನೇ ಕರೆಸಿದ ಜನ, ತಟ್ಟೆಯಲ್ಲಿ ಹಸಿರು ಸೀರೆ, ಅದರ ಮೇಲೆ ಕುಂಕುಮ ಹಚ್ಚಿದ ಪತ್ರ, ಅಪ್ಪನ ಔರಾದ ಹೊಲದಲ್ಲಿ ನನ್ನ ಪಾಲು ಬಿಟ್ಟೆನೆಂಬ ಪತ್ರ, ನಮ್ಮ ಮನೆತನದಲ್ಲಿ ಅಣ್ಣ ಉಣಿಸಿದ ತುತ್ತು ತಂಗಿ ನುಂಗಿದ ಮೇಲೆಯೇ ಪೆನ್ನು ಮುಟ್ಟುವುದು, ಸೋದರತ್ತೆ ಪುತಳಾಬಾಯಿಯೂ ಹಾಗೆಯೇ ನುಂಗಿ ಸಹಿ ಹಾಕಿದಳು. ನುಂಗುವುದು. ಅದೊಂದೇ ನನಗೆ ಆಗದ ಕೆಲಸ, ಇವನಿಗೆ ಗೊತ್ತಿಲ್ಲ, ಮೂರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ, ರಕ್ತದ ಕ್ಯಾನ್ಸರಿಗೆಂದು ಹೈದರಾಬಾದಿನಲ್ಲಿ ಅವನ ರಕ್ತದಿಂದ ತೆಗೆದ ಮೂಲಕೋಶಗಳು ಚೀಲದಿಂದ ನನ್ನೊಳಗೆ ಇಳಿದ ದಿನದಿಂದ ಅವನದು ಒಂದೇ ಮಾತು — ನನ್ನ ರಕ್ತಾ ಕೊಟ್ಟು ಉಳಿಸೀನಿ, ಅಕಿ ಒಂದ್ ಸಹಿ ಕೊಡಲಾರಳೇನು — ಮದುವೆ ಮನೆಯಲ್ಲಿ, ಔರಾದ ಬಸ್‌ಸ್ಟ್ಯಾಂಡಿನಲ್ಲಿ, ಅವ್ವನನ್ನು ಮಣ್ಣು ಮಾಡುವಾಗಲೂ. ಬೀದರಿನ ಡಾಕ್ಟರು ನನ್ನ ಗಂಟಲಿಗೆ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು, ನಸುಗೆಂಪು ಸುರಂಗ, ಅಡ್ಡ ಒಂದು ಬಿಳಿ ಪೊರೆ, ನಡುವೆ ತೊಗರಿಕಾಳಿನಷ್ಟು ತೂತು, ನಿಮ್ಮ ಅಣ್ಣನ ಕೋಶಗಳು ನಿಮ್ಮ ಅನ್ನನಾಳ ಬ್ಯಾರೇದವ್ರದು ಅಂತ ತಿಳದು ಹೊಡೀಲಿಕತ್ತಾವರಿ, ಎರಡ್ ಸಲ ಬಲೂನ್ ಹಾಕಿ ಹಿಗ್ಗಿಸೀವಿ, ಮತ್ತ ಬಿಗದದ — ನನಗೆ ನಗು ಬಂತು, ಬ್ಯಾರೇದವಳು, ಅವನ ರಕ್ತಕ್ಕೂ ಅದೇ ಅನಿಸಿತಲ್ಲ, ಹೊಲದಲ್ಲಿ ನಾನು ಬೇಡ, ನನ್ನ ಗಂಟಲಲ್ಲೂ ನಾನು ಬೇಡ. ಅಂದಿನಿಂದ ತಿಳಿಗಂಜಿ, ಬರೀ ಗಂಜಿ. ತುತ್ತಿಗಿ ಸಜ್ಜಿಗಿ ಸಾಕಲ್ಲೇನವ್ವ ಎಂದಿದ್ದ ಅಣ್ಣ ಫೋನಿನಲ್ಲಿ, ಬ್ಯಾಡ ಅಣ್ಣಾ, ಹೋಳಿಗಿನೇ ಮಾಡಸು, ಪದ್ಧತಿ ಅಂದ್ರ ಪದ್ಧತಿ, ನಾಕ್ ಮಂದಿನ್ನೂ ಕರಿ, ಬರ್ತೇನಿ — ಬಂದೆ, ಬೀದರಿನಿಂದ ಇಲ್ಲಿಯವರೆಗೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಈ ಗಳಿಗೆಯನ್ನೇ ಚಪ್ಪರಿಸುತ್ತ ಬಂದೆ. ಬಾಯಿ ತೆರೆದೆ. ಬೆಲ್ಲ, ಏಲಕ್ಕಿ, ಅಯ್ಯೋ ಎಷ್ಟು ರುಚಿ, ಇಷ್ಟು ರುಚಿ ಎಂದು ನೆನಪಿರಲಿಲ್ಲ, ಕಣ್ಣು ತುಂಬಿತು, ನೋಡ್ರಿ ಖುಷಿಗಿ ಅಳ್ತಾಳ ಅನ್ನುತ್ತಾಳೆ ಅಣ್ಣನ ಹೆಂಡತಿ ಮಾಯಾ ವೈನಿ, ಅಣ್ಣ ಪೆನ್ನಿನ ಮುಚ್ಚಳ ತೆಗೆಯುತ್ತಾನೆ, ನುಂಗವ್ವ. ದವಡೆ ನಿಲ್ಲಿಸಿ ಕೂತಿದ್ದೇನೆ. ನುಂಗು. ಬಕ್ಕಪ್ಪ ದೊಡ್ಡಪ್ಪ ಕೆಮ್ಮುತ್ತಾನೆ, ಅಣ್ಣನ ಕಡೆ ತಿರುಗಿ, ಏ ಶಿವಕಾಂತ, ನುಂಗಲಾರ್ದ ಸಹಿ ಹ್ಯಾಂಗ ನಡೀತದೋ — ಅಣ್ಣನ ಅಂಗೈ ಎಳೆದುಕೊಂಡೆ, ತುತ್ತು ಅದರಲ್ಲಿ ಉಗುಳಿದೆ, ಬೆಚ್ಚಗಿನ ಹಳದಿ ಮುದ್ದೆ, ಪೆನ್ನು ಕೆಳಗೆ ಬಿತ್ತು, ನಾ ತಯಾರ್ ಇದ್ದೀನಿ ಅಣ್ಣಾ, ನಿನ್ನ ರಕ್ತಾನೇ ಬಿಡವಲ್ದು, ಗಂಟಲಾಗ ಅಡ್ಡ ನಿಂತದ, ಅದಕ್ಕ ಕೇಳು — ಅವನು ಬಾಯಿ ತೆರೆಯುತ್ತಾನೆ, ತೆರೆದೇ ಇದೆ ಬಾಯಿ, ಒಳಗೆ ಅದೇ ನಸುಗೆಂಪು ಸುರಂಗ, ಅಡ್ಡ ಬಿಳಿ ಪೊರೆ, ನಡುವೆ ತೂತು, ತೊಗರಿಕಾಳಿನಷ್ಟು, ತೂತು —