ನಾಲ್ಕನೆಯ ಸಾಕ್ಷಿಯನ್ನು ಹುಡುಕಿದ ಮುರುಗೆಪ್ಪನವರು

ಮುರುಗೆಪ್ಪನವರು ಓದುವಾಗ ಯಾರಾದರೂ ನಡುವೆ ಮಾತಾಡಿದರೆ ಮುಗಿಯಿತು. ಮೂವತ್ತನೆಯ ಪುಟದಲ್ಲಿದ್ದರೂ ಸರಿ, ಬೆರಳನ್ನು ಮೊದಲ ಪುಟದ ಮೊದಲ ಸಾಲಿಗೆ ತಂದು ಪುನಃ ಆರಂಭಿಸುತ್ತಾರೆ. ವಿಜಯಪುರದ ಕಡೆಯಿಂದ ಬಂದು, ಪುಣೆಯ ನ್ಯಾಯಾಲಯಗಳಲ್ಲಿ ಮೂವತ್ತೆರಡು ವರ್ಷ ಸಾಕ್ಷಿಗಳ ಹೇಳಿಕೆಗಳನ್ನು ಟೈಪು ಮಾಡಿ, ಈಗ ಯೆರವಡಾದಲ್ಲಿ ನಮ್ಮ ನೆರೆಮನೆಯಲ್ಲಿರುವ ಅವರ ಬಲಭುಜ ಕಡತ ಹೊತ್ತು ಹೊತ್ತು ಕೊಂಚ ಇಳಿದಿದೆ; ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟಿನ ಮೊಣಕೈಗಳು ಮೇಜಿಗೆ ಉಜ್ಜಿ ನುಣುಪಾಗಿ ಹೊಳೆಯುತ್ತವೆ.

ನನ್ನಕ್ಕ ತ್ರಿವೇಣಿ ಭೋಸರಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಳು. ರಕ್ಷಣಾ ಜಾಲರಿಯಿಲ್ಲದ ಯಂತ್ರದ ಬಗ್ಗೆ ದೂರು ಬರೆದಳೆಂಬ ಸಿಟ್ಟಿಗೆ ಮೇಲ್ವಿಚಾರಕ ಕಬ್ಬಿಣದ ಸಲಾಕೆಯಿಂದ ಅವಳ ಎಡಗೈ ಮುರಿದ. ಕೆಳಗಿನ ನ್ಯಾಯಾಲಯ ಎರಡು ವರ್ಷ ಶಿಕ್ಷೆ ವಿಧಿಸಿತು. ಅವನು ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದ. ಅದು ವಿಚಾರಣೆಗೆ ಬಂದದ್ದೂ, ಕಣ್ಣಾರೆ ಕಂಡ ಬೇರೆ ಸಾಕ್ಷಿಗಳಿಲ್ಲವೆಂದು ಅವನು ಬಿಡುಗಡೆಯಾದದ್ದೂ ಅಕ್ಕನಿಗೆ ತಿಳಿದದ್ದು ಅವನು ಕಾರ್ಖಾನೆಯ ಗೇಟಿನಲ್ಲಿ ಪೇಢೆ ಹಂಚುತ್ತ ನಿಂತಾಗ. "ನಾನಽ ಏನರ ತಪ್ಪ ತಿಳ್ಕೊಂಡೆನೇನೊ" ಎಂದು, ಸರಿಯಾಗಿ ಕೂಡದ ಮೂಳೆಯನ್ನು ಸವರಿಕೊಳ್ಳುತ್ತ ಅವಳು ತನ್ನ ನೋವನ್ನೇ ಶಂಕಿಸತೊಡಗಿದಳು.

ನಾನು ತಂದುಕೊಟ್ಟ ಮೇಲ್ಮನವಿಯ ತೀರ್ಪನ್ನು ಮುರುಗೆಪ್ಪನವರು ಎರಡು ಮಧ್ಯಾಹ್ನ ಓದಿ ತಲೆಯೆತ್ತಿದರು. "ಮೂರನೇ ಸಾಕ್ಷಿ ಆದಮ್ಯಾಲೆ ಐದನೇದು ಬಂದದ. ನಾಲ್ಕನೇದು ಎಲ್ಲಿ ಹೋತವಾ?"

ನಾಲ್ಕನೆಯವಳು ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅವ್ವಮ್ಮ. ಏಟು ಬಿದ್ದದ್ದನ್ನು ಕಂಡು, ಕಂಡಂತೆ ನುಡಿದವಳು. ಮೇಲ್ಮನವಿಗೆಂದು ಸೆಷನ್ಸ್ ನ್ಯಾಯಾಲಯಕ್ಕೆ ಹೋದ ಕಡತದ ಪ್ರತಿಯಲ್ಲಿ ಅವಳ ಹೇಳಿಕೆಯ ಪುಟಗಳೇ ಇರಲಿಲ್ಲ. ಮೂಲ ಕಡತವನ್ನು ಯಾರೂ ತರಿಸಿ ನೋಡಿರಲಿಲ್ಲ. ಮುರುಗೆಪ್ಪನವರು ಹನ್ನೊಂದು ದಿನ ನಕಲು ವಿಭಾಗಕ್ಕೆ ಅಲೆದು ಆ ಪುಟಗಳ ದೃಢೀಕೃತ ಪ್ರತಿ ಪಡೆದು ನಮ್ಮ ವಕೀಲೆ ಶೀತಲ್ ಅವರ ಕೈಗಿತ್ತರು.

"ಇಷ್ಟ್ಯಾಕ ತ್ರಾಸ ತಗೋತೀರಿ ಕಾಕಾ?" ಎಂದೆ.

"ಒಮ್ಮೆ ಒಬ್ಬ ಹೆಣ್ಮಗಳ ಹೇಳಿಕಿಯೊಳಗ ಒಂದ್ ಸಾಲು ನನ್ನ ಕೈಯಾಗಽ ಬಿಟ್ಟುಹೋಗಿತ್ತು. ಅಪೀಲಿನ್ಯಾಗ ಆಕಿ ಸೋತ್ಳು. ನನಗ ಗೊತ್ತಾಗೂದ್ರಾಗ ಊರಽ ಬಿಟ್ಟಿದ್ಳು." ಆ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ.

ಶೀತಲ್ ಸಲ್ಲಿಸಿದ ಅರ್ಜಿಯ ಮೇಲೆ ಹೈಕೋರ್ಟು ಬಿಡುಗಡೆಯನ್ನು ರದ್ದುಪಡಿಸಿ, ದೂರುದಾರಳಿಗೂ ತಿಳಿಸಿ ಮೇಲ್ಮನವಿಯನ್ನು ಹೊಸದಾಗಿ ಆಲಿಸಲು ಆದೇಶಿಸಿತು. ಹದಿನಾಲ್ಕು ತಿಂಗಳ ಬಳಿಕ ಅವ್ವಮ್ಮನ ಹೇಳಿಕೆಯನ್ನು ಕಿಕ್ಕಿರಿದ ಕೋರ್ಟಿನಲ್ಲಿ ಗಟ್ಟಿಯಾಗಿ ಓದಲಾಯಿತು. ಶಿಕ್ಷೆ ಉಳಿಯಿತು. ಅದಕ್ಕೂ ಮೊದಲೇ, ‘ನಾನು ನೋಡಿದೆ’ ಎಂಬ ಅವ್ವಮ್ಮನ ಸಾಲು ಕಿವಿಗೆ ಬಿದ್ದಾಗಲೇ, ಅಕ್ಕ ಅತ್ತುಬಿಟ್ಟಿದ್ದಳು.

ಕಾಲಿಗೆರಗಲು ಹೋದವಳನ್ನು ಮುರುಗೆಪ್ಪನವರು ಭುಜ ಹಿಡಿದು ತಡೆದರು. "ಅವ್ವಮ್ಮನ ಮನಿಗಿ ಹೋಗವಾ. ನೌಕರಿ ಹೋದೀತಂತ ಅಂಜದ ಹೇಳಿದಾಕಿ ಆಕಿ." ಸಂಜೆಗೇ ನಾವು ಮೂವರೂ ಹೋದೆವು.

ನ್ಯಾಯಾಲಯಗಳ ಅಂಗಳದಲ್ಲಿ ಇಂಥವರು ಕೆಲವರಿರುತ್ತಾರೆ. ಅವರಿಗೆ ಪೀಠವಿಲ್ಲ, ವಾದಿಸುವ ಅಧಿಕಾರವಿಲ್ಲ. ಯಾವ ತೀರ್ಪಿನಲ್ಲೂ ಅವರ ಹೆಸರು ಬರುವುದಿಲ್ಲ. ನೊಂದವರ ನುಡಿ ಒಂದಕ್ಷರವೂ ಸೋರದೆ ಕೇಳಬೇಕಾದ ಕಿವಿಯನ್ನು ತಲುಪಬೇಕೆಂಬ ಹಟವಷ್ಟೇ ಅವರ ಆಸ್ತಿ. ಆ ಹಟದ ದೆಸೆಯಿಂದ, ತಮ್ಮನ್ನು ತಾವೇ ನಂಬದಾದವರು ಮತ್ತೆ ತಲೆಯೆತ್ತಿ ನಡೆಯುತ್ತಾರೆ.